ಮಳೆ ರಜೆ ಕೊಡೋದು ಡಿಸಿ, ಪರೀಕ್ಷೆ ಮುಂದೂಡೋದು ಯಾರು?

ಜುಲೈ ತಿಂಗಳು, ರಾತ್ರಿ ಎಂಟೂವರೆ. ಕರೆಂಟ್ ಹೋಗಿ ಎರಡು ಗಂಟೆಯಾಗಿತ್ತು. ಹಂಚಿನ ಮೇಲೆ ಮಳೆ ಬಡಿಯುವ ಸದ್ದಿನಲ್ಲಿ ಅಣ್ಣನ ಮಗಳು ಫೋನಿನಲ್ಲಿ ಹೇಳಿದ್ದು ಅರ್ಧವಷ್ಟೇ ಕೇಳಿಸಿತು. "ಚಿಕ್ಕಪ್ಪ, ಡಿಸಿ ನಾಳೆ ರಜೆ ಕೊಟ್ಟಿದ್ದಾರಂತೆ. ನಮಗೆ ಪರೀಕ್ಷೆ ಇದ್ಯಾ, ಇಲ್ವಾ?"

ನಾನು ಒಂಬತ್ತು ವರ್ಷ ಅತಿಥಿ ಉಪನ್ಯಾಸಕನಾಗಿ ಡಿಗ್ರಿ ಮಕ್ಕಳಿಗೆ ಕಾಮರ್ಸ್ ಪಾಠ ಮಾಡಿದವನು. ಹಾಗಾಗಿ ಯೂನಿವರ್ಸಿಟಿಯ ಯಾವ ತಕರಾರಿದ್ದರೂ ಮನೆಯವರ ಫೋನು ಬರುವುದು ನನಗೇ. ಅವಳಿಗೆ ಹೇಳಿದೆ, ಡಿಸಿ ಆದೇಶದ ಫೋಟೋ ಕಳಿಸು, ಅದರಲ್ಲಿ ಯಾರ್ಯಾರ ಹೆಸರಿದೆ ನೋಡೋಣ ಅಂತ. ಅಂಗನವಾಡಿ, ಶಾಲೆ, ಪಿಯು ಕಾಲೇಜು. ಅಲ್ಲಿಗೆ ನಿಂತಿತ್ತು. ಡಿಗ್ರಿಯ ಸುದ್ದಿಯೇ ಇಲ್ಲ.

ಒಂದು ವೇಳೆ ಡಿಗ್ರಿ ಅಂತ ಇದ್ದರೂ ಅವಳ ಪ್ರಶ್ನೆ ಮುಗಿಯುತ್ತಿರಲಿಲ್ಲ. ಜಿಲ್ಲಾ ವಿಪತ್ತು ನಿರ್ವಹಣೆಯ ಹೊಣೆ ಡಿಸಿಯದ್ದು, ಹಾಗಾಗಿ ಮಕ್ಕಳು ಹಳ್ಳ ದಾಟಿ ಬರುವುದು ಬೇಡ ಅಂತ ಅವರು ಹೇಳಬಹುದು. ಪರೀಕ್ಷೆ ಅವರದ್ದಲ್ಲ. ಶಿವಮೊಗ್ಗದ ಡಿಸಿ ರಜೆ ಕೊಟ್ಟರೆ ಚಿಕ್ಕಮಗಳೂರು ಜಿಲ್ಲೆಯ ತರೀಕೆರೆಯಲ್ಲಿ ಪರೀಕ್ಷೆಗೆ ಕೂರುವ ಹುಡುಗನಿಗೆ ಅದು ತಾಗುವುದಿಲ್ಲ. ಕುವೆಂಪು ವಿಶ್ವವಿದ್ಯಾಲಯಕ್ಕೆ ಮಾತ್ರ ಎರಡೂ ಜಿಲ್ಲೆ ಸೇರಿದೆ, ಇಬ್ಬರಿಗೂ ಪ್ರಶ್ನೆಪತ್ರಿಕೆ ಒಂದೇ. ಇಲ್ಲಿ ರಜೆ, ಅಲ್ಲಿ ಪರೀಕ್ಷೆ ಅಂತಾದರೆ ಅಲ್ಲಿಯ ಪ್ರಶ್ನೆಪತ್ರಿಕೆ ಮಧ್ಯಾಹ್ನದೊಳಗೆ ಇಲ್ಲಿಯವರ ಕೈ ಸೇರಿರುತ್ತದೆ. ಅದಕ್ಕೇ ಪರೀಕ್ಷೆ ಮುಂದೂಡುವ ಸುತ್ತೋಲೆ ಬೇರೆಯೇ ಬರಬೇಕು. ಅದರ ಕೆಳಗೆ ಯೂನಿವರ್ಸಿಟಿಯಲ್ಲಿ ಪರೀಕ್ಷೆ ನೋಡಿಕೊಳ್ಳುವ ಅಧಿಕಾರಿ, ಅಂದರೆ ಮೌಲ್ಯಮಾಪನ ಕುಲಸಚಿವರ ಸಹಿ ಇರಬೇಕು.

"ಯಾರ್ ಸಹಿ ಅಂದ್ರಿ?" ಅಂದಳು. ಎರಡು ವರ್ಷದಿಂದ ಡಿಗ್ರಿ ಓದುತ್ತಿರುವ ಹುಡುಗಿ. ತನ್ನ ಅಂಕಪಟ್ಟಿ ಯಾರ ಕಚೇರಿಯಿಂದ ಬರುತ್ತದೆ ಅನ್ನುವುದೇ ಅವಳಿಗೆ ಗೊತ್ತಿರಲಿಲ್ಲ. ಅವಳನ್ನು ಬೈಯಲು ಮನಸ್ಸಾಗಲಿಲ್ಲ, ಯಾಕೆಂದರೆ ನನಗೂ ಪಾಠ ಮಾಡಲು ಶುರು ಮಾಡಿ ಮೂರ್ನಾಲ್ಕು ವರ್ಷ ಆಗುವವರೆಗೆ ಗೊತ್ತಿರಲಿಲ್ಲ.

ಹಾಗಾಗಿ ಈ ಬರಹ. ಯೂನಿವರ್ಸಿಟಿಯಲ್ಲಿ ಯಾವ ತೀರ್ಮಾನ ಯಾರದ್ದು? ಪಾಠ ಮಾಡುವ ಮೇಷ್ಟ್ರ ಮಾತು ಎಲ್ಲಿ ನಡೆಯುತ್ತದೆ, ಎಲ್ಲಿ ನಡೆಯುವುದಿಲ್ಲ?

ಮೊದಲು ಒಂದು ವಿಷಯ. ಪ್ರತಿ ಯೂನಿವರ್ಸಿಟಿಗೂ ಅದರದ್ದೇ ಸಂವಿಧಾನ ಇದೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ನಮ್ಮಲ್ಲಿ ಹಾಗಿಲ್ಲ. ಮೈಸೂರು, ಬೆಂಗಳೂರು, ಧಾರವಾಡ, ಮಂಗಳೂರು, ಕುವೆಂಪು, ದಾವಣಗೆರೆ, ಇವಕ್ಕೆಲ್ಲ ಇರುವುದು ಒಂದೇ ಕಾಯ್ದೆ. ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಅಧಿನಿಯಮ, 2000. ಕುವೆಂಪು ವಿಶ್ವವಿದ್ಯಾಲಯದ ಶಂಕರಘಟ್ಟದ ಕ್ಯಾಂಪಸ್ಸಿಗೆ ನಾವು ಪ್ರೀತಿಯಿಂದ ಜ್ಞಾನ ಸಹ್ಯಾದ್ರಿ ಅನ್ನುತ್ತೇವೆ. ಅದರ ಆಡಳಿತದ ಚೌಕಟ್ಟು ಮಾತ್ರ ವಿಧಾನಸೌಧದಲ್ಲಿ ಕಟ್ಟಿದ್ದು.

ಈ ಕ್ಯಾಂಪಸ್ಸಿನ ಕತೆ ಮೊದಲು ಬೇರೆ ಇತ್ತು. 1987ಕ್ಕೆ ಮುಂಚೆ ಬಿ.ಆರ್. ಪ್ರಾಜೆಕ್ಟಿನಲ್ಲಿ ಇದ್ದದ್ದು ಮೈಸೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ. ಶಿವಮೊಗ್ಗದ ಸಹ್ಯಾದ್ರಿ ಕಾಲೇಜಿನ ಹುಡುಗರ ಅಂಕಪಟ್ಟಿಯಲ್ಲಿ ಒಂದು ಅಕ್ಷರ ತಪ್ಪಿದ್ದರೂ ಮೈಸೂರಿಗೆ ಓಡಬೇಕಿತ್ತು ಅಂತ ನಮ್ಮ ಅಪ್ಪ ಇವತ್ತಿಗೂ ಹೇಳುತ್ತಾರೆ. 1987ರಲ್ಲಿ ಅದು ಸ್ವಂತ ವಿಶ್ವವಿದ್ಯಾಲಯವಾಯಿತು, ಅದೇ ಕುವೆಂಪು ವಿಶ್ವವಿದ್ಯಾಲಯ. ಆಗ ಚಿತ್ರದುರ್ಗದ ಕಡೆಯ ಕಾಲೇಜುಗಳೂ ಇದಕ್ಕೇ ಸೇರಿದ್ದವು. 2009ರಲ್ಲಿ ದಾವಣಗೆರೆ ಬೇರೆಯಾದ ಮೇಲೆ ಶಿವಮೊಗ್ಗ, ಚಿಕ್ಕಮಗಳೂರು ಎರಡೇ ಉಳಿದವು. ಈಗ ಕೆಲಸವಿದ್ದವರು ಶಿವಮೊಗ್ಗದಿಂದ ಸುಮಾರು 28 ಕಿಲೋಮೀಟರ್ ಬಸ್ಸಿನಲ್ಲಿ ಹೋಗಿ ಬಂದರಾಯಿತು. ದೂರ ಕಮ್ಮಿಯಾಯಿತು, ಯಾವ ಬಾಗಿಲು ತಟ್ಟಬೇಕು ಅನ್ನುವ ಗೊಂದಲ ಹಾಗೇ ಉಳಿಯಿತು.

ಈಗ ಮೇಲಿನಿಂದ ಶುರು ಮಾಡೋಣ. ಬೇಗ ಮುಗಿಸುತ್ತೇನೆ, ಯಾಕೆಂದರೆ ನಿಜವಾದ ಕತೆ ಇರುವುದು ಕೆಳಗೆ.

ಕುಲಾಧಿಪತಿ ಅಂದರೆ ರಾಜ್ಯಪಾಲರು. ಘಟಿಕೋತ್ಸವಕ್ಕೆ ಬಂದು ಚಿನ್ನದ ಪದಕ ಕೊಡುವವರು ಅಂತ ಮಾತ್ರ ಅಂದುಕೊಳ್ಳಬೇಡಿ, ಕಾಯ್ದೆಗೆ ವಿರುದ್ಧವಾದ ತೀರ್ಮಾನವನ್ನು ರದ್ದು ಮಾಡುವ ಅಧಿಕಾರವೂ ಅವರಿಗಿದೆ. ಸಹ ಕುಲಾಧಿಪತಿ ಅಂದರೆ ಉನ್ನತ ಶಿಕ್ಷಣ ಸಚಿವರು. ಕುಲಪತಿ ಅಂದರೆ ನಾವು ದಿನಾ ಹೇಳುವ ವಿಸಿ, ನಾಲ್ಕು ವರ್ಷದ ಅವಧಿ. ಅವರ ಕೆಳಗೆ ಇಬ್ಬರು ಕುಲಸಚಿವರು. ಒಬ್ಬರು ಆಡಳಿತಕ್ಕೆ, ಇನ್ನೊಬ್ಬರು ಮೌಲ್ಯಮಾಪನಕ್ಕೆ. ದುಡ್ಡಿನ ಲೆಕ್ಕಕ್ಕೆ ಹಣಕಾಸು ಅಧಿಕಾರಿ. ಇಲ್ಲಿ ಗಮನಿಸಬೇಕಾದ್ದು, ಆಡಳಿತ ಕುಲಸಚಿವರನ್ನು ನೇಮಿಸುವುದು ಸರ್ಕಾರ. ಎಷ್ಟೋ ಸಲ ಅವರು ಕಂದಾಯವನ್ನೋ ಜಿಲ್ಲಾಡಳಿತವನ್ನೋ ನೋಡಿಕೊಂಡು ಬಂದ ಅಧಿಕಾರಿ. ಅಂದರೆ ಫೈಲು ಓಡಿಸುವ ಕೈ ಸರ್ಕಾರದ್ದು.

ಕುಲಪತಿಯನ್ನು ಆರಿಸುವುದಕ್ಕೆ ಶೋಧನಾ ಸಮಿತಿ ಇದೆ. ಅದರಲ್ಲಿ ಕುಲಾಧಿಪತಿ, ಯುಜಿಸಿ (ಕೇಂದ್ರದ ವಿಶ್ವವಿದ್ಯಾಲಯ ಧನಸಹಾಯ ಆಯೋಗ), ರಾಜ್ಯ ಸರ್ಕಾರ, ಯೂನಿವರ್ಸಿಟಿಯ ಆಡಳಿತ ಮಂಡಳಿಯಾದ ಸಿಂಡಿಕೇಟ್ ಇವರ ಪ್ರತಿನಿಧಿಗಳು ಇರುತ್ತಾರೆ. ಸಮಿತಿ ಹೆಸರುಗಳ ಪಟ್ಟಿ ಕೊಡುತ್ತದೆ. ರಾಜ್ಯ ಸರ್ಕಾರದ ಸಹಮತಿ ಪಡೆದು ರಾಜ್ಯಪಾಲರು ಒಬ್ಬರನ್ನು ನೇಮಿಸುತ್ತಾರೆ. ಆ 'ಸಹಮತಿ' ಅನ್ನುವ ಒಂದು ಪದದ ಸುತ್ತ ದೇಶದಲ್ಲಿ ಎಷ್ಟು ಜಗಳ ನಡೆದಿದೆ ಅಂದರೆ ಅದನ್ನು ಬರೆಯಲು ಬೇರೆ ಲೇಖನವೇ ಬೇಕು. ಚಿಕ್ಕದಾಗಿ ಹೇಳಿದರೆ ಹೀಗೆ. 1976ರಲ್ಲಿ ಸಂವಿಧಾನದ 42ನೇ ತಿದ್ದುಪಡಿಯಾಗಿ ಶಿಕ್ಷಣ ಸಮವರ್ತಿ ಪಟ್ಟಿಗೆ ಹೋಯಿತು. ಅಂದರೆ ಕೇಂದ್ರಕ್ಕೂ ಹಕ್ಕು, ರಾಜ್ಯಕ್ಕೂ ಹಕ್ಕು. ಉನ್ನತ ಶಿಕ್ಷಣದ ಮಟ್ಟ ಕಾಯುವ ಕೆಲಸ ಮಾತ್ರ ಮೊದಲಿನಿಂದಲೂ ಕೇಂದ್ರದ್ದು, ಆ ಹೆಸರಿನಲ್ಲಿ ಯುಜಿಸಿ ನಿಯಮ ಮಾಡುತ್ತದೆ. ರಾಜ್ಯದ ಕಾಯ್ದೆ ಒಂದು ಹೇಳಿ, ಯುಜಿಸಿ ನಿಯಮ ಇನ್ನೊಂದು ಹೇಳಿದರೆ? 2022ರಲ್ಲಿ ಗುಜರಾತಿನ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಯುಜಿಸಿ ನಿಯಮ ಮೀರಿ ಆದ ಕುಲಪತಿ ನೇಮಕವನ್ನು ರದ್ದು ಮಾಡಿತು. ಅದೇ ವರ್ಷ ಕೇರಳದ ಪ್ರಕರಣದಲ್ಲೂ ಹಾಗೇ ಆಯಿತು.

2025ರ ಜನವರಿಯಲ್ಲಿ ಯುಜಿಸಿ ಹೊಸ ಕರಡು ನಿಯಮ ಹೊರಗೆ ಬಿಟ್ಟಿತು. ಅದರ ಪ್ರಕಾರ ಶೋಧನಾ ಸಮಿತಿಯಲ್ಲಿ ಮೂರೇ ಜನ. ಕುಲಾಧಿಪತಿಯ ಕಡೆಯವರು, ಯುಜಿಸಿ ಕಡೆಯವರು, ವಿಶ್ವವಿದ್ಯಾಲಯದ ಕಡೆಯವರು. ರಾಜ್ಯ ಸರ್ಕಾರಕ್ಕೆ ಕುರ್ಚಿಯೇ ಇಲ್ಲ. ಪಾಠ ಮಾಡದೆ ಉದ್ಯಮದಿಂದ ಬಂದವರೂ ಕುಲಪತಿ ಆಗಬಹುದು ಅಂತಲೂ ಅದರಲ್ಲಿತ್ತು. ಫೆಬ್ರವರಿಯಲ್ಲಿ ಕರ್ನಾಟಕ ಬೆಂಗಳೂರಿನಲ್ಲಿ ಬೇರೆ ರಾಜ್ಯಗಳ ಶಿಕ್ಷಣ ಸಚಿವರನ್ನು ಕರೆಸಿ ಸಭೆ ಮಾಡಿ ವಿರೋಧಿಸಿತು. ಅದಕ್ಕೂ ಮೊದಲು, 2024ರ ಡಿಸೆಂಬರಿನಲ್ಲಿ, ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯಕ್ಕೆ ರಾಜ್ಯಪಾಲರ ಬದಲು ಮುಖ್ಯಮಂತ್ರಿಯೇ ಕುಲಾಧಿಪತಿ ಆಗಲಿ ಅನ್ನುವ ಮಸೂದೆಗೆ ನಮ್ಮ ವಿಧಾನಸಭೆ ಒಪ್ಪಿಗೆ ಕೊಟ್ಟಿತ್ತು.

ನನ್ನನ್ನು ಕೇಳಿದರೆ, ಈ ಎರಡೂ ಕಡೆಯವರು 'ಸ್ವಾಯತ್ತತೆ' ಅಂತ ಬಾಯಿ ತುಂಬ ಹೇಳುವಾಗ ನನಗೆ ನಗು ಬರುತ್ತದೆ. ಜಗಳ ನಡೆಯುತ್ತಿರುವುದು ಜುಟ್ಟು ಯಾರ ಕೈಯಲ್ಲಿರಬೇಕು ಅಂತ. ಜುಟ್ಟು ಇರುವವನನ್ನು ಯಾರೂ ಕೇಳಿಲ್ಲ.

ಸರಿ, ಸಿಂಡಿಕೇಟಿಗೆ ಬರೋಣ. ಯೂನಿವರ್ಸಿಟಿಯ ಆಸ್ತಿ, ಬಜೆಟ್, ನೇಮಕಾತಿ, ಕಟ್ಟಡ, ಶಿಸ್ತುಕ್ರಮ, ಎಲ್ಲ ಕೊನೆಗೆ ಬಂದು ಕೂರುವುದು ಇಲ್ಲಿ. ಊರಿನ ಸಹಕಾರಿ ಸಂಘಕ್ಕೆ ಆಡಳಿತ ಮಂಡಳಿ ಹೇಗೋ ಯೂನಿವರ್ಸಿಟಿಗೆ ಸಿಂಡಿಕೇಟ್ ಹಾಗೆ. ಆದರೆ ಒಂದು ದೊಡ್ಡ ವ್ಯತ್ಯಾಸ ಇದೆ. ಅಡಿಕೆ ಸೊಸೈಟಿಯ ನಿರ್ದೇಶಕರನ್ನು ಬೆಳೆಗಾರರೇ ಓಟು ಹಾಕಿ ಆರಿಸುತ್ತಾರೆ. ಸಿಂಡಿಕೇಟಿಗೆ ಮೇಷ್ಟ್ರುಗಳು ಓಟು ಹಾಕುವುದಿಲ್ಲ. ಕುಲಪತಿ ಅಧ್ಯಕ್ಷರು, ಕಾಲೇಜು ಶಿಕ್ಷಣ ಇಲಾಖೆಯಂಥ ಕಡೆಯ ಅಧಿಕಾರಿಗಳು, ಸರದಿಯ ಮೇಲೆ ಬರುವ ಡೀನ್‌ಗಳು ಮತ್ತು ಪ್ರಾಂಶುಪಾಲರು, ಜೊತೆಗೆ ಸರ್ಕಾರ ನಾಮನಿರ್ದೇಶನ ಮಾಡಿದವರು. ಸರ್ಕಾರ ಬದಲಾದರೆ ನಾಮನಿರ್ದೇಶಿತರೂ ಬದಲಾಗುವುದನ್ನು ನಾವು ನೋಡುತ್ತಲೇ ಬಂದಿದ್ದೇವೆ. ಹೊಸ ಸದಸ್ಯರಿಗೆ ಅಭಿನಂದನೆ ಹೇಳುವ ಫ್ಲೆಕ್ಸು ಬಸ್ ಸ್ಟ್ಯಾಂಡಿನ ಹತ್ತಿರ ಕಟ್ಟಿದ್ದನ್ನು ನೀವೂ ನೋಡಿರುತ್ತೀರಿ. ಅದರಲ್ಲಿ ಇರುವ ಫೋಟೋಗಳನ್ನು ನೋಡಿದರೆ ನೇಮಕ ಎಲ್ಲಿಂದ ಬಂತು ಅಂತ ಗೊತ್ತಾಗುತ್ತದೆ.

ಎಲ್ಲ ನಾಮನಿರ್ದೇಶಿತರೂ ಕೆಟ್ಟವರು ಅಂತ ನಾನು ಹೇಳುತ್ತಿಲ್ಲ. ಒಳ್ಳೆಯ ಕೆಲಸ ಮಾಡಿದವರಿದ್ದಾರೆ, ಹಳ್ಳಿ ಹುಡುಗರ ಪರ ಗಟ್ಟಿಯಾಗಿ ಮಾತಾಡಿದವರೂ ಇದ್ದಾರೆ. ನನ್ನ ಮಾತು ಕುರ್ಚಿಯ ಬಗ್ಗೆ. ಮೇಷ್ಟ್ರುಗಳು ತಾವೇ ಆರಿಸಿ ಕಳಿಸಿದ ಒಬ್ಬ ಮನುಷ್ಯ ಆ ಮೇಜಿನ ಸುತ್ತ ಇಲ್ಲ. 1976ರ ಹಳೆಯ ಕಾಯ್ದೆಯಲ್ಲಿ ಸೆನೆಟ್ ಅಂತ ಒಂದು ದೊಡ್ಡ ಸಭೆ ಇತ್ತು. 2000ದ ಕಾಯ್ದೆಯಲ್ಲಿ ಅದನ್ನು ತೆಗೆದರು. ಸೆನೆಟ್ ಅಂದರೆ ಬರೀ ಗಲಾಟೆ, ರಾಜಕೀಯ, ಯಾವ ಕೆಲಸವೂ ಆಗುತ್ತಿರಲಿಲ್ಲ ಅಂತ ಹಿರಿಯ ಮೇಷ್ಟ್ರೊಬ್ಬರು ನನಗೆ ಹೇಳಿದ್ದರು. ಇರಬಹುದು. ಗಲಾಟೆ ನಿಂತಿತು, ರಾಜಕೀಯ ಸದ್ದಿಲ್ಲದೆ ನಡೆಯುವುದಕ್ಕೆ ಶುರುವಾಯಿತು ಅನ್ನುವುದು ನನ್ನ ಅನಿಸಿಕೆ.

ಹಾಗಾದರೆ ಮೇಷ್ಟ್ರ ಮಾತು ನಡೆಯುವುದೆಲ್ಲಿ? ಇಲ್ಲಿಂದ ವಿಷಯ ರುಚಿಯಾಗುತ್ತದೆ.

ಪ್ರತಿ ವಿಷಯಕ್ಕೂ ಒಂದು ಅಧ್ಯಯನ ಮಂಡಳಿ ಇರುತ್ತದೆ. ಬಿಒಎಸ್ ಅಂತಲೇ ಎಲ್ಲರೂ ಕರೆಯುವುದು. ಕನ್ನಡಕ್ಕೊಂದು, ಕಾಮರ್ಸಿಗೊಂದು, ಸಸ್ಯಶಾಸ್ತ್ರಕ್ಕೊಂದು. ಡಿಗ್ರಿಗೆ ಬೇರೆ, ಎಂಎಗೆ ಬೇರೆ. ಇದರಲ್ಲಿ ಆ ವಿಷಯದ ಅಧ್ಯಾಪಕರು, ಕಾಲೇಜುಗಳ ಮೇಷ್ಟ್ರುಗಳು, ಹೊರಗಿನ ತಜ್ಞರು ಇರುತ್ತಾರೆ. ಯಾವ ಸೆಮಿಸ್ಟರಿಗೆ ಯಾವ ಪಠ್ಯ, ಎಷ್ಟು ಗಂಟೆ, ಪ್ರಶ್ನೆಪತ್ರಿಕೆಯ ಮಾದರಿ ಹೇಗೆ, ಆಂತರಿಕ ಅಂಕ ಯಾವುದಕ್ಕೆ, ಎಲ್ಲ ಮೊದಲು ಬರೆಯುವುದು ಇಲ್ಲಿ. ಆಮೇಲೆ ಅದು ಡೀನ್ ಅವರ ನಿಕಾಯಕ್ಕೆ (ಕಲೆ, ವಿಜ್ಞಾನ, ವಾಣಿಜ್ಯ ಹೀಗೆ ವಿಷಯಗಳ ಗುಂಪು), ಅಲ್ಲಿಂದ ವಿದ್ಯಾವಿಷಯಕ ಪರಿಷತ್ತಿಗೆ ಹೋಗುತ್ತದೆ. ಪರಿಷತ್ತು ಒಪ್ಪಿದ ಮೇಲೆ ಪಠ್ಯ ಜಾರಿ. ಓದಿನ ವಿಷಯದಲ್ಲಿ ಇದೇ ದೊಡ್ಡ ಸಭೆ. ದುಡ್ಡು ತಗಲುವ ಮಾತು ಬಂದರೆ ಮಾತ್ರ ಮತ್ತೆ ಹಣಕಾಸು ಸಮಿತಿ, ಸಿಂಡಿಕೇಟ್ ಅಂತ ತಿರುಗಬೇಕು.

ನೋಡಿ, ಬಿಒಎಸ್ ಸಭೆಗೆ ಯಾವ ಫ್ಲೆಕ್ಸೂ ಇರುವುದಿಲ್ಲ. ಒಂದು ಕೋಣೆ, ಒಂದಿಷ್ಟು ಜನ, ಖಾರ ಮಂಡಕ್ಕಿ, ಚಹಾ, ಪ್ರಯಾಣ ಭತ್ಯೆಯ ಫಾರಂ. ಆದರೆ ಸೊರಬದ ಒಂದು ಕಾಲೇಜಿನ ಹುಡುಗ ಮೂರು ವರ್ಷ ಏನು ಓದುತ್ತಾನೆ ಅನ್ನುವುದನ್ನು ತೀರ್ಮಾನಿಸುವುದು ಆ ಕೋಣೆ. ಸಿಂಡಿಕೇಟಿನ ಹತ್ತು ಸಭೆಗಿಂತ ಒಂದು ಬಿಒಎಸ್ ಸಭೆ ವಿದ್ಯಾರ್ಥಿಯ ಬದುಕಿಗೆ ಹತ್ತಿರ ಅಂತ ನಾನು ನಂಬಿದ್ದೇನೆ.

ಇತ್ತೀಚಿನ ಉದಾಹರಣೆಯನ್ನೇ ತೆಗೆದುಕೊಳ್ಳಿ. 2021-22ರಲ್ಲಿ ಕರ್ನಾಟಕ ಹೊಸ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ದೇಶದಲ್ಲಿ ಮೊದಲಿಗೆ ಜಾರಿ ಮಾಡಿತು. ಡಿಗ್ರಿಗೆ ನಾಲ್ಕು ವರ್ಷದ ವ್ಯವಸ್ಥೆ ಬಂತು, ಓಪನ್ ಎಲೆಕ್ಟಿವ್ ಬಂತು, ಕಾಮರ್ಸಿನ ಹುಡುಗ ಇತಿಹಾಸದ ಕ್ಲಾಸಿಗೆ ಬಂದು ಕೂತ. ಸರ್ಕಾರ ಬದಲಾಯಿತು. 2023ರಲ್ಲಿ ಸುಖದೇವ್ ಥೋರಟ್ ಅಧ್ಯಕ್ಷತೆಯಲ್ಲಿ ರಾಜ್ಯ ಶಿಕ್ಷಣ ನೀತಿ ಆಯೋಗ ಬಂತು. ಅದರ ಮಧ್ಯಂತರ ವರದಿ ನೋಡಿ 2024-25ರಿಂದ ಮತ್ತೆ ಮೂರು ವರ್ಷದ ಡಿಗ್ರಿ. ಮೊದಲು ಸೇರಿದವರು ಹಳೆಯ ಪಠ್ಯದಲ್ಲೇ ಮುಂದುವರಿಯಬೇಕು. ಹಾಗಾಗಿ ಆ ವರ್ಷ ಒಂದೇ ಕಾಲೇಜಿನಲ್ಲಿ, ಒಂದೇ ಸ್ಟಾಫ್ ರೂಮಿನಲ್ಲಿ, ಪ್ರಥಮ ವರ್ಷಕ್ಕೆ ಒಂದು ಪದ್ಧತಿ, ಮೇಲಿನ ವರ್ಷಗಳಿಗೆ ಇನ್ನೊಂದು ಪದ್ಧತಿ. ಬೆಳಿಗ್ಗೆ ಹತ್ತಕ್ಕೆ ಒಂದು ನೀತಿ, ಹನ್ನೊಂದಕ್ಕೆ ಇನ್ನೊಂದು.

ಇಲ್ಲಿ ತೀರ್ಮಾನ ಯಾರದ್ದು? ಮೂರು ವರ್ಷವೋ ನಾಲ್ಕು ವರ್ಷವೋ ಅನ್ನುವುದು ಸರ್ಕಾರದ್ದು. ಅದರೊಳಗೆ ಏನು ತುಂಬಬೇಕು ಅನ್ನುವುದು ಬಿಒಎಸ್‌ದು. ಸರ್ಕಾರದ ಆದೇಶ ಬಂದದ್ದು ಮೇ ತಿಂಗಳಲ್ಲಿ. ತರಗತಿ ಶುರುವಾಗುವುದಕ್ಕೆ ಉಳಿದದ್ದು ಕೆಲವೇ ವಾರ. ಅಷ್ಟರಲ್ಲಿ ಪ್ರತಿ ವಿಷಯದ ಮಂಡಳಿ ಕೂತು, ಪಠ್ಯ ಬರೆದು, ಪರಿಷತ್ತಿನಿಂದ ಒಪ್ಪಿಗೆ ತರಬೇಕು. ಅಧಿಕಾರ ಇದೆ, ಸಮಯ ಇಲ್ಲ. ಸಮಯ ಇಲ್ಲದ ಅಧಿಕಾರ ಮಳೆಗಾಲದಲ್ಲಿ ಅಡಿಕೆಗೆ ಬರುವ ಕೊಳೆ ರೋಗಕ್ಕೆ ಆಗಸ್ಟಿನಲ್ಲಿ ಬೋರ್ಡೋ ದ್ರಾವಣ ತಂದ ಹಾಗೆ. ಔಷಧಿ ಸರಿಯಾದದ್ದೇ, ಅಡಿಕೆ ಆಗಲೇ ಉದುರಿರುತ್ತದೆ.

ಇದಕ್ಕಿಂತ ದೊಡ್ಡ ತೊಂದರೆ ಇನ್ನೊಂದು. ಆ ಕೋಣೆಯಲ್ಲಿ ಕೂರುವುದಕ್ಕೆ ಜನ ಬೇಕಲ್ವಾ?

ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಕಾಯಂ ಅಧ್ಯಾಪಕರ ಹುದ್ದೆಗಳು ವರ್ಷಗಟ್ಟಲೆ ಖಾಲಿ ಇವೆ ಅನ್ನುವುದು ಗುಟ್ಟೇನಲ್ಲ. ನಿವೃತ್ತಿ ಆದವರ ಜಾಗಕ್ಕೆ ನೇಮಕ ಆಗುವುದಿಲ್ಲ, ಅಲ್ಲಿ ಅತಿಥಿ ಉಪನ್ಯಾಸಕರು ಬರುತ್ತಾರೆ. ಯುಜಿಸಿಯ 2018ರ ನಿಯಮದಲ್ಲಿ ಸ್ಪಷ್ಟವಾಗಿ ಬರೆದಿದೆ, ಗುತ್ತಿಗೆ ಮೇಲೆ ತೆಗೆದುಕೊಳ್ಳುವ ಅಧ್ಯಾಪಕರು ಒಟ್ಟು ಹುದ್ದೆಯ ಶೇ. 10ಕ್ಕಿಂತ ಜಾಸ್ತಿ ಇರಬಾರದು ಅಂತ. ನಮ್ಮಲ್ಲಿ 'ಅತಿಥಿ' ಅನ್ನುವ ಹೆಸರು ಕೊಟ್ಟಿದ್ದಾರೆ. ಅತಿಥಿ ಎಷ್ಟು ವರ್ಷ ಉಳಿದರೂ ಮನೆಯವನಾಗುವುದಿಲ್ಲ. ಯುಜಿಸಿ 2019ರಲ್ಲಿ ಅತಿಥಿಗಳಿಗೆ ಒಂದು ಉಪನ್ಯಾಸಕ್ಕೆ 1,500 ರೂಪಾಯಿ, ತಿಂಗಳಿಗೆ ಹೆಚ್ಚೆಂದರೆ 50,000 ಕೊಡಬಹುದು ಅಂತ ಹೇಳಿತು. ಆ ಅಂಕಿಯನ್ನು ನಾನು ಕಾಗದದ ಮೇಲೆ ಮಾತ್ರ ನೋಡಿದ್ದೇನೆ.

ಈಗ ಇದಕ್ಕೂ ಆಡಳಿತಕ್ಕೂ ಏನು ಸಂಬಂಧ ಅಂತ ಕೇಳಬಹುದು. ಸಂಬಂಧ ಇಲ್ಲೇ ಇರುವುದು. ವಿಭಾಗದ ಅಧ್ಯಕ್ಷತೆ ಹಿರಿತನದ ಮೇಲೆ ಸರದಿಯಂತೆ ಎರಡು ವರ್ಷಕ್ಕೊಮ್ಮೆ ತಿರುಗಬೇಕು. ಒಬ್ಬರೇ ಸರ್ವಾಧಿಕಾರಿ ಆಗಬಾರದು ಅಂತ ಮಾಡಿದ ಒಳ್ಳೆಯ ಏರ್ಪಾಡು. ಆದರೆ ವಿಭಾಗದಲ್ಲಿ ಕಾಯಂ ಇರುವವರು ಒಬ್ಬರೇ ಆದರೆ ಸರದಿ ಯಾರ ಕಡೆ ತಿರುಗುತ್ತದೆ? ಅವರೇ ಅಧ್ಯಕ್ಷರು, ಬಿಒಎಸ್ಸಿಗೂ ಅವರೇ, ಪರೀಕ್ಷಾ ಮಂಡಳಿಗೂ ಅವರೇ, ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಯ ಕಡತಕ್ಕೂ ಅವರೇ, ಹಾಸ್ಟೆಲ್ ವಾರ್ಡನ್ನೂ ಅವರೇ. ಆ ಮನುಷ್ಯನ ಮೇಲೆ ನನಗೆ ಸಿಟ್ಟಿಲ್ಲ, ಅಯ್ಯೋ ಅನಿಸುತ್ತದೆ. ನಿಯಮದ ಪ್ರಕಾರ ಸಹಾಯಕ ಪ್ರಾಧ್ಯಾಪಕರು ವಾರಕ್ಕೆ 16 ಗಂಟೆ, ಸಹ ಪ್ರಾಧ್ಯಾಪಕರು ಮತ್ತು ಪ್ರಾಧ್ಯಾಪಕರು 14 ಗಂಟೆ ನೇರ ಪಾಠ ಮಾಡಬೇಕು. ಸಮಿತಿ ಕೆಲಸ ಅದರ ಹೊರಗೆ. ಐದು ಸಮಿತಿಯಲ್ಲಿ ಒಂದೇ ಮುಖ ಇದ್ದರೆ ಆ ಸಮಿತಿಗಳು ಒಂದರ ತಪ್ಪನ್ನು ಇನ್ನೊಂದು ಹಿಡಿಯುವುದು ಹೇಗೆ? ತಿದ್ದುವವರೂ ಬರೆದವರೇ.

ನನ್ನದೇ ಒಂದು ಅನುಭವ. ಎಲ್ಲಿ ಅಂತ ಹೇಳುವುದಿಲ್ಲ. ನಾನು ಪಾಠ ಮಾಡುತ್ತಿದ್ದ ಒಂದು ಪತ್ರಿಕೆಯ ಮೂರನೇ ಘಟಕ ಹಿಂದಿನ ಸೆಮಿಸ್ಟರಿನ ಇನ್ನೊಂದು ಪತ್ರಿಕೆಯಲ್ಲಿ ಅಕ್ಷರಶಃ ಹಾಗೇ ಇತ್ತು. ಮಕ್ಕಳೇ ಕೇಳಿದರು, "ಸರ್, ಇದನ್ನ ಆಗಲೇ ಓದಿದ್ದೀವಲ್ಲ." ನಾನು ಒಂದು ಪುಟದ ಪತ್ರ ಬರೆದು ಪ್ರಾಂಶುಪಾಲರಿಗೆ ಕೊಟ್ಟೆ. ಅವರು ಒಳ್ಳೆಯವರು, ಮೇಲಕ್ಕೆ ಕಳಿಸಿದರು. ಉತ್ತರ ಬರಲಿಲ್ಲ. ಮುಂದಿನ ವರ್ಷ ಪರಿಚಯದ ಸದಸ್ಯರೊಬ್ಬರನ್ನು ಕೇಳಿದಾಗ ಅವರು ಹೇಳಿದ್ದು, "ಪತ್ರ ಚೆನ್ನಾಗಿತ್ತು ಮಾರಾಯ, ಆದ್ರೆ ನೀನು ಗೆಸ್ಟು. ಗೆಸ್ಟಿನ ಪತ್ರವನ್ನ ಕಾರ್ಯಸೂಚಿಗೆ ಹೇಗೆ ಹಾಕೋದು ಅಂತ ಯಾರಿಗೂ ಗೊತ್ತಾಗ್ಲಿಲ್ಲ." ಅವರು ಸುಳ್ಳು ಹೇಳಲಿಲ್ಲ. ಆ ಪಠ್ಯವನ್ನು ತರಗತಿಯಲ್ಲಿ ಪಾಠ ಮಾಡುತ್ತಿದ್ದವರಲ್ಲಿ ನನ್ನಂಥವರೇ ಜಾಸ್ತಿ. ಅದನ್ನು ತಿದ್ದುವ ಮೇಜಿನ ಹತ್ತಿರ ನಮಗೆ ಸ್ಟೂಲೂ ಇರಲಿಲ್ಲ. ನಾನು ಆ ಘಟಕವನ್ನು ಇನ್ನೂ ಎರಡು ಸಲ ಪಾಠ ಮಾಡಿದೆ.

ಇಷ್ಟಾದ ಮೇಲೆ ಇನ್ನೊಂದು ಬಾಗಿಲಿದೆ. ಹೆಚ್ಚಿನವರು ಗಮನಿಸದ ಬಾಗಿಲು. ಕುಲಪತಿಯ ತುರ್ತು ಅಧಿಕಾರ. ಸಭೆ ಸೇರುವವರೆಗೆ ಕಾಯಲು ಆಗದ ವಿಷಯ ಬಂದರೆ ಕುಲಪತಿ ತಾವೇ ತೀರ್ಮಾನ ಮಾಡಿ, ಆಮೇಲೆ ಆ ಸಭೆಗೆ ತಿಳಿಸಬಹುದು ಅಂತ ಕಾಯ್ದೆ ಹೇಳುತ್ತದೆ. ಇದು ಬೇಕು. ಭದ್ರಾ ತುಂಬಿ, ರಸ್ತೆ ಮೇಲೆ ಮರ ಬಿದ್ದು, ಬಸ್ಸು ನಿಂತಾಗ ಪರೀಕ್ಷೆ ಮುಂದೂಡಲು ಪರಿಷತ್ತನ್ನು ಕರೆಯುತ್ತಾ ಕೂರಲು ಆಗುತ್ತದಾ? ಆದರೆ ತುರ್ತು ಅನ್ನುವ ಪದಕ್ಕೆ ಅಳತೆಗೋಲಿಲ್ಲ. ಸಭೆಯ ನಡಾವಳಿ ಓದುವ ಅಭ್ಯಾಸ ಇದ್ದವರಿಗೆ 'ಘಟನೋತ್ತರ ಅನುಮೋದನೆ' ಅನ್ನುವ ಮಾತು ಚೆನ್ನಾಗಿ ಗೊತ್ತು. ಅಂದರೆ ಕೆಲಸ ಆಗಿಹೋಗಿದೆ, ಈಗ ತಲೆ ಅಲ್ಲಾಡಿಸಿ. ಮಳೆಗೆ ಪರೀಕ್ಷೆ ಮುಂದೂಡಿದ್ದಕ್ಕೆ ಆ ಮಾತು ಬಂದರೆ ಸರಿ. ಖರೀದಿಗೆ, ಶುಲ್ಕಕ್ಕೆ, ಹೊಸ ಕೋರ್ಸಿಗೆ ಅದೇ ಮಾತು ಪದೇ ಪದೇ ಬಂದರೆ ಅಲ್ಲಿ ಸಭೆ ನಡೆಯುತ್ತಿಲ್ಲ, ಸಹಿ ನಡೆಯುತ್ತಿದೆ ಅಂತ ಅರ್ಥ. ಕುಲಪತಿ ಹುದ್ದೆ ಖಾಲಿಯಾಗಿ ಹಿರಿಯ ಡೀನ್ ಹಂಗಾಮಿಯಾಗಿ ಕೂತಿರುವ ತಿಂಗಳುಗಳಲ್ಲಂತೂ ಎಲ್ಲವೂ ಒಂದೋ ತುರ್ತು, ಇಲ್ಲವೇ ಮುಂದಿನವರು ಬಂದ ಮೇಲೆ ನೋಡೋಣ.

ಇಲ್ಲೊಂದು ಸಣ್ಣ ಮಾತು ಸೇರಿಸಿಬಿಡುತ್ತೇನೆ. ನಮ್ಮ ಜಿಲ್ಲೆಯಲ್ಲೇ ಇನ್ನೊಂದು ಬಗೆಯ ವಿಶ್ವವಿದ್ಯಾಲಯ ಇದೆ. ಸಾಗರ ತಾಲ್ಲೂಕಿನ ಇರುವಕ್ಕಿಯಲ್ಲಿರುವ ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ, 2012ರಲ್ಲಿ ಆದದ್ದು. ಅದಕ್ಕೆ ಕೃಷಿ ವಿಶ್ವವಿದ್ಯಾಲಯಗಳ ಬೇರೆ ಕಾಯ್ದೆ. ಅಲ್ಲಿ ಸಿಂಡಿಕೇಟ್ ಇಲ್ಲ, ವ್ಯವಸ್ಥಾಪನಾ ಮಂಡಳಿ ಇದೆ. ಹಾಗಾಗಿ ಪಕ್ಕದ ಮನೆಯ ಬಿಎಸ್ಸಿ ಅಗ್ರಿ ಹುಡುಗ ಹೇಳಿದ ನಿಯಮವನ್ನು ಬಿಕಾಂ ಹುಡುಗಿ ತನಗೂ ಅಂತ ನಂಬಬಾರದು.

ಈಗ ಕ್ಯಾಂಪಸ್ಸಿನ ಒಳಗಿನ ನಿಯಮಗಳು. ಹಾಸ್ಟೆಲ್ ಗೇಟು ಎಷ್ಟು ಹೊತ್ತಿಗೆ ಮುಚ್ಚಬೇಕು, ಹಾಜರಾತಿ ಕಮ್ಮಿಯಾದರೆ ಏನು, ಪ್ರತಿಭಟನೆಗೆ ಅನುಮತಿ ಬೇಕಾ, ಇಂಥವು. ಇವುಗಳ ದೊಡ್ಡ ತೊಂದರೆ ಏನೆಂದರೆ ಬಹಳಷ್ಟು ನಿಯಮಗಳು ನಿಯಮವೇ ಅಲ್ಲ. ಯಾವುದೋ ವರ್ಷ ಯಾರೋ ವಾರ್ಡನ್ ನೋಟಿಸ್ ಬೋರ್ಡಿಗೆ ಅಂಟಿಸಿದ ಕಾಗದ ಇಪ್ಪತ್ತು ವರ್ಷ ಕಾನೂನಿನ ಹಾಗೆ ಬದುಕಿರುತ್ತದೆ. ಕಾಯ್ದೆಯ ಲೆಕ್ಕದಲ್ಲಿ ಮೆಟ್ಟಿಲು ಹೀಗೆ: ಮೊದಲು ಕಾಯ್ದೆ, ಅದರ ಕೆಳಗೆ ಕುಲಾಧಿಪತಿಯ ಒಪ್ಪಿಗೆ ಬೇಕಾದ ಪರಿನಿಯಮ, ಆಮೇಲೆ ಅಧ್ಯಾದೇಶ, ವಿನಿಯಮ. ಸುತ್ತೋಲೆ ಎಲ್ಲಕ್ಕಿಂತ ಕೆಳಗೆ. ಕೆಳಗಿನದು ಮೇಲಿನದಕ್ಕೆ ವಿರುದ್ಧ ಹೋಗಬಾರದು.

ಹುಡುಗಿಯರ ಹಾಸ್ಟೆಲ್ಲಿನ ವಿಷಯ ಹೇಳಲೇಬೇಕು. ನಮ್ಮ ಕಡೆ ಮಳೆಗಾಲದಲ್ಲಿ ಐದೂವರೆಗೇ ಕತ್ತಲು, ಕೊನೆಯ ಬಸ್ಸು ತಪ್ಪಿದರೆ ಗತಿಯಿಲ್ಲ, ಅದಕ್ಕೇ ಹುಡುಗಿಯರು ಬೇಗ ಒಳಗಿರಬೇಕು ಅಂತ ಅಪ್ಪ ಅಮ್ಮಂದಿರೇ ಹೇಳುತ್ತಾರೆ. ಆದರೆ ಲೈಂಗಿಕ ಕಿರುಕುಳ ತಡೆಯ ಬಗ್ಗೆ ಯುಜಿಸಿ 2015ರಲ್ಲಿ ಮಾಡಿದ ನಿಯಮದಲ್ಲಿ ಒಂದು ಸಾಲಿದೆ. ಸುರಕ್ಷತೆಯ ನೆಪ ಹೇಳಿ ಹುಡುಗಿಯರ ಹಾಸ್ಟೆಲ್ಲಿಗೆ ಹುಡುಗರಿಗಿಂತ ಬೇರೆ, ತಾರತಮ್ಯದ ನಿಯಮ ಹಾಕಬಾರದು ಅಂತ. ಇದನ್ನು ನನ್ನ ಅಣ್ಣನ ಮಗಳಿಗೆ ಓದಿ ಹೇಳಿದಾಗ ಅವಳು ನಂಬಲಿಲ್ಲ. "ಸುಮ್ನೆ ಹೇಳ್ಬೇಡಿ ಚಿಕ್ಕಪ್ಪ" ಅಂದಳು. ಗೇಟು ಆರಕ್ಕೆ ಮುಚ್ಚುವುದಾದರೆ ಹುಡುಗರದ್ದೂ ಆರಕ್ಕೆ ಮುಚ್ಚಲಿ. ಲೈಬ್ರರಿ ಎಂಟರವರೆಗೆ ತೆರೆದಿದ್ದರೆ ಅದರ ದಾರಿಗೆ ಲೈಟು ಹಾಕಿಸಲಿ. ಆ ಲೈಟಿನ ಕಂಬಕ್ಕೆ ಎಸ್ಟಿಮೇಟು, ಟೆಂಡರು, ಬಿಲ್ಲು ಬೇಕಾಗುತ್ತದೆ, ಗೇಟು ಮುಚ್ಚಲು ಒಂದು ಬೀಗ ಸಾಕು. ಅದಕ್ಕೇ ಬೀಗ ಗೆಲ್ಲುತ್ತದೆ.

ದೂರು ಕೊಡುವ ದಾರಿಯೂ ಕಾಗದದ ಮೇಲೆ ಚೆನ್ನಾಗಿದೆ. ಯುಜಿಸಿಯ 2023ರ ನಿಯಮದಂತೆ ಪ್ರತಿ ಸಂಸ್ಥೆಯಲ್ಲೂ ವಿದ್ಯಾರ್ಥಿ ಕುಂದುಕೊರತೆ ಪರಿಹಾರ ಸಮಿತಿ ಇರಬೇಕು. ಅದು 15 ಕೆಲಸದ ದಿನಗಳೊಳಗೆ ವರದಿ ಕೊಡಬೇಕು. ಅಲ್ಲಿ ನ್ಯಾಯ ಸಿಗದಿದ್ದರೆ 15 ದಿನದೊಳಗೆ ದೂರು ವಿಚಾರಿಸುವ ಅಧಿಕಾರಿಯಾದ ಒಂಬುಡ್ಸ್‌ಪರ್ಸನ್ ಹತ್ತಿರ ಮೇಲ್ಮನವಿ, ಅವರು 30 ದಿನದಲ್ಲಿ ಇತ್ಯರ್ಥ ಮಾಡಬೇಕು. ರ‍್ಯಾಗಿಂಗಿಗೆ 2009ರ ನಿಯಮ ಬೇರೆ, ಕಿರುಕುಳಕ್ಕೆ ಆಂತರಿಕ ಸಮಿತಿ ಬೇರೆ. ಪ್ರಾಂಶುಪಾಲರ ಹತ್ತಿರ ಬಾಯಲ್ಲಿ ಹೇಳಿ ಸುಮ್ಮನಾಗಬೇಡಿ. ಬರೆದು ಕೊಟ್ಟು, ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡ ದಿನದಿಂದ ದಿನ ಎಣಿಕೆ ಶುರು.

ನಡಾವಳಿ ಅಂದೆನಲ್ಲ, ಅದನ್ನು ಪಡೆಯುವುದು ಹೇಗೆ ಅಂತಲೂ ಹೇಳುತ್ತೇನೆ. 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿಯ ಅರ್ಜಿ. 30 ದಿನದಲ್ಲಿ ಉತ್ತರ ಬರಬೇಕು. ಜನ ಮಾಡುವ ತಪ್ಪು ಏನೆಂದರೆ 'ಯಾಕೆ' ಅಂತ ಕೇಳುವುದು. ಪರೀಕ್ಷಾ ಶುಲ್ಕ ಯಾಕೆ ಜಾಸ್ತಿ ಮಾಡಿದಿರಿ ಅಂದರೆ ಅದು ಮಾಹಿತಿ ಅಲ್ಲ, ಅಭಿಪ್ರಾಯ ಅಂತ ಬರೆದು ಕೈ ತೊಳೆದುಕೊಳ್ಳುತ್ತಾರೆ. ಬದಲಿಗೆ ಹೀಗೆ ಕೇಳಿ: ಶುಲ್ಕ ಪರಿಷ್ಕರಣೆಯನ್ನು ಒಪ್ಪಿದ ಸಿಂಡಿಕೇಟ್ ಸಭೆಯ ದಿನಾಂಕ, ವಿಷಯ ಸಂಖ್ಯೆ, ನಡಾವಳಿಯ ಪ್ರತಿ, ಅದಕ್ಕೆ ಮೊದಲು ಹಣಕಾಸು ಸಮಿತಿ ಮಾಡಿದ ಶಿಫಾರಸಿನ ಪ್ರತಿ. ಕಾಗದ ಕೇಳಿದರೆ ಕಾಗದ ಕೊಡಲೇಬೇಕು. ಉತ್ತರಪತ್ರಿಕೆಯೂ ಹಾಗೆಯೇ. ಮೌಲ್ಯಮಾಪನವಾದ ನಮ್ಮ ಉತ್ತರಪತ್ರಿಕೆ ನೋಡುವ ಹಕ್ಕು ನಮಗಿದೆ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ.

ಆ ರಾತ್ರಿಯ ಕತೆ ಏನಾಯಿತು ಅಂತ ಹೇಳಲಿಲ್ಲ. ಒಂಬತ್ತೂ ಮುಕ್ಕಾಲಿಗೆ ಅವಳ ಕ್ಲಾಸ್ ಗ್ರೂಪಿಗೆ ಸುತ್ತೋಲೆ ಬಂತು. ಅದನ್ನು ನನಗೆ ಕಳಿಸಿ ಮತ್ತೆ ಫೋನು ಮಾಡಿದಳು.

"ಮುಂದೂಡಿದ್ದಾರೆ ಚಿಕ್ಕಪ್ಪ. ಕೆಳಗೆ ಸಹಿ ಇದೆ, ನೋಡಿದೆ. ಮೌಲ್ಯಮಾಪನ ಕುಲಸಚಿವರದ್ದೇ."

"ಹೊಸ ತಾರೀಖು?"

"ಆಮೇಲೆ ತಿಳಿಸ್ತೀವಿ ಅಂತ ಹಾಕಿದ್ದಾರೆ. ಅದಕ್ಕೆ ಯಾರ ಸಭೆ ಆಗ್ಬೇಕು?"